ಆ ಸಪೋರ್ಟ್ ಗಾಲಿ ಬಿಚ್ಚಿಬಿಡ್ರಿ

ನಿನ್ನೆ ಸಂಜೆ ನಮ್ಮ ವಿಜಯಪುರದ ದರಬಾರ ಹೈಸ್ಕೂಲ್ ಮೈದಾನದಲ್ಲಿ ಕಂಡದ್ದು ಇನ್ನೂ ತಲೆಯಲ್ಲಿ ಕುದೀತಾ ಇದೆ. ಬರೆಯದೇ ನಿದ್ದೆ ಬರೋದಿಲ್ಲ.

ಏಳೆಂಟು ವರ್ಷದ ಹುಡುಗಿ. ಸೈಕಲ್ಲಿನ ಹಿಂದಿನ ಗಾಲಿಗೆ ಎರಡೂ ಬಾಜೂ ಸಪೋರ್ಟ್ ಗಾಲಿ. ಗರಗರ ಸದ್ದು ಮಾಡ್ತಾ ಒಂದು ಸುತ್ತು ಬಂದವಳು ಅಪ್ಪನ ಮುಂದೆ ನಿಂತು, "ಅಪ್ಪಾ, ಇವನ್ನ ತಗೀ. ನನಗ ಬರತದ" ಅಂದಳು. ಅಪ್ಪ, "ಬೀಳ್ತಿ ಅವ್ವಾ, ಬ್ಯಾಡ. ಮುಂದಿನ ವರ್ಷ ನೋಡೂಣಂತ" ಅಂದ. ಹುಡುಗಿ ಮತ್ತೆ ಮಾತಾಡಲಿಲ್ಲ. ಇನ್ನೊಂದು ಸುತ್ತು ಹೊರಟಳು, ಅಪ್ಪ ಸೀಟು ಹಿಡಿದುಕೊಂಡು ಹಿಂದೆ ಹಿಂದೆ ಓಡಿದ. ಆ ಮನುಷ್ಯನಿಗೆ ಮಗಳೆಂದರೆ ಜೀವ, ಅದು ನೋಡಿದವರಿಗೆಲ್ಲ ಗೊತ್ತಾಗ್ತಿತ್ತು. ಬೆವರಿಳಿಸಿಕೊಂಡು ಓಡ್ತಿದ್ದ. ನನಗೆ ಸಂಕಟ ಆಗಿದ್ದೇ ಅದಕ್ಕೆ. ಅಷ್ಟು ಪ್ರೀತಿ, ಅಷ್ಟು ಓಟ, ಎಲ್ಲಾ ಸೇರಿ ಆ ಮಗುವಿಗೆ ಕಲಿಸ್ತಾ ಇರೋದು ಸೈಕಲ್ಲೇ ಅಲ್ಲ!

ಮುಂದಿನ ವರ್ಷದ ತನಕ ಆ ಗಾಲಿ ಇದ್ದರೆ ಏನು ಬರತದ? ಪೆಡಲ್ ತುಳಿಯೋದು ಬರತದ. ತುಳಿಯೋದು ಯಾವ ಮಗುವಿಗೆ ಬರೋದಿಲ್ಲ? ಮೂರು ಗಾಲಿ ಸೈಕಲ್ ಮೇಲೆ ಅದನ್ನು ಮೂರನೇ ವರ್ಷಕ್ಕೇ ಕಲಿತಿರ್ತಾವೆ. ಬರಬೇಕಾದದ್ದು ತೋಲ, ಅಂದರೆ ಬ್ಯಾಲೆನ್ಸ್. ಅದೊಂದನ್ನೇ ಸಪೋರ್ಟ್ ಗಾಲಿ ಕಲಿಯಗೊಡೋದಿಲ್ಲ.

ಎರಡು ಗಾಲಿ ಸೈಕಲ್ ಬೀಳದೇ ಹೋಗೋದು ಹೆಂಗೆ ಅಂತ ಒಂದು ಗಳಿಗೆ ಯೋಚಿಸಿ. ಸೈಕಲ್ ಎಡಕ್ಕೆ ವಾಲಿದರೆ ಹ್ಯಾಂಡಲ್ ಎಡಕ್ಕೇ ತಿರುಗಬೇಕು. ಬೀಳೋ ಕಡೆಗೇ ತಿರುಗಿಸಬೇಕು. ಆಗ ಗಾಲಿಗಳು ಓಡಿಬಂದು ಮತ್ತೆ ಮೈಭಾರದ ಕೆಳಗೆ ಸೇರ್ತಾವೆ. ನಾವೆಲ್ಲ ದಿನಾ ಇದನ್ನು ಗೊತ್ತಿಲ್ಲದೇ ಮಾಡ್ತೀವಿ. 2011ರಲ್ಲಿ ನೆದರ್ಲೆಂಡ್ಸ್ ಮತ್ತು ಅಮೆರಿಕದ ಸಂಶೋಧಕರು ಒಂದು ವಿಚಿತ್ರ ಸೈಕಲ್ ಕಟ್ಟಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ತಿರುಗುವ ಗಾಲಿಯ ಬಲದಿಂದಲೇ ಸೈಕಲ್ ನಿಲ್ಲತದ ಅನ್ನೋದು ಹಳೆಯ ನಂಬಿಕೆ. ಇವರು ಆ ಬಲ ಸಿಗದಂತೆ ಕಟ್ಟಿದ ಸೈಕಲ್ಲನ್ನು ಸವಾರನಿಲ್ಲದೇ ದೂಡಿದರೂ ಅದು ತಾನೇ ಸಾವರಿಸಿಕೊಂಡು ಓಡಿತು. ವಾಲಿದ ಕಡೆಗೆ ಅದರ ಹ್ಯಾಂಡಲ್ ತಾನಾಗಿ ತಿರುಗ್ತಿತ್ತು.

ಈಗ ಸಪೋರ್ಟ್ ಗಾಲಿ ಹಾಕಿ ನೋಡಿ. ಸೈಕಲ್ ವಾಲೋದೇ ಇಲ್ಲ. ವಾಲದೇ ಇದ್ದರೆ ಸಾವರಿಸಿಕೊಳ್ಳೋದನ್ನ ಮಗು ಎಲ್ಲಿಂದ ಕಲೀಬೇಕು? ತಿರುವಿನಲ್ಲಿ ಇನ್ನೂ ಕೆಟ್ಟದ್ದು. ಎರಡು ಗಾಲಿ ಮೇಲೆ ತಿರುಗೋವಾಗ ಮೈ ಒಳಗಡೆ ವಾಲಬೇಕು, ಈ ನಾಲ್ಕು ಗಾಲಿ ಮೇಲೆ ಅದು ಹೊರಗಡೆ ಹೋಗತದ. ಮಗು ಅದನ್ನೇ ರೂಢಿ ಮಾಡಿಕೊಳ್ಳತದ. ಕೆಲವರು "ಸ್ವಲ್ಪ ಮ್ಯಾಲ ಎತ್ತಿ ಹಾಕ್ರಿ, ತೋಲ ಬರಲಿ" ಅಂತ ಅಂಗಡಿಯಲ್ಲಿ ಹೇಳ್ತಾರೆ. ಎತ್ತಿ ಹಾಕಿದರೆ ಮಗು ಒಂದು ಗಾಲಿ ಮೇಲೆ ಭಾರ ಹಾಕಿ ಸೊಟ್ಟಗೆ ಕೂತು ಹೊಡೀತದ, ಅಷ್ಟೇ. ನಿನ್ನೆಯ ಹುಡುಗಿ ಕೂತದ್ದೂ ಹಾಗೇ.

ನಾನು ಹೈಸ್ಕೂಲ್ ಅಕ್ಕೋರು ಅಂತ ನಿಮಗೆ ಗೊತ್ತೇ ಇದೆ, ಸಿಟ್ಟು ಬಂದರೆ ಪಾಠ ಶುರು ಮಾಡ್ತೀನಿ ಅಂತಲೂ ಗೊತ್ತು. ಆದರೆ ಈ ಸಿಟ್ಟಿಗೆ ಬೇರೆ ಬೇರಿದೆ.

2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿತು. ಸಾಲಿ ಅಂಗಳದಲ್ಲಿ ಸಾಲಾಗಿ ನಿಂತ ಹೊಸ ಸೈಕಲ್, ಎಣ್ಣೆ ವಾಸನೆ, ಸೀಟಿನ ಮೇಲಿನ ಪ್ಲಾಸ್ಟಿಕ್ ಹಾಳೆ ತೆಗೆಯೋಕೂ ಮನಸ್ಸಿಲ್ಲದ ಹುಡುಗಿಯರು. ಕೊರೊನಾ ಬಂದ ಮೇಲೆ ಆ ಯೋಜನೆ ನಿಂತಿತು, ಅದರ ಬಗ್ಗೆ ಇನ್ನೊಮ್ಮೆ ಬರೀತೀನಿ. ಕೊಡ್ತಿದ್ದ ಕಾಲದಲ್ಲೇ ನಾನು ಕಂಡದ್ದನ್ನ ಹೇಳಬೇಕು. ಸೈಕಲ್ ಕೈಗೆ ಬಂದ ದಿನ ಹುಡುಗರು ಹತ್ತಿ ಹೋಗಿಬಿಡ್ತಿದ್ದರು. ಹುಡುಗಿಯರಲ್ಲಿ ಎಷ್ಟೋ ಜನ ಹ್ಯಾಂಡಲ್ ಹಿಡಿದು ದೂಡಿಕೊಂಡು ನಡೆದು ಹೋಗ್ತಿದ್ದರು. ಕಾರಣ ಒಂದೇ, ಅವರಿಗೆ ಯಾರೂ ಕಲಿಸಿರಲಿಲ್ಲ. ತಿಂಗಳು ಬಿಟ್ಟು ಕೇಳಿದರೆ, "ಅಣ್ಣ ಒಯ್ತಾನ್ರೀ ಅಕ್ಕೋರ" ಅನ್ನೋ ಉತ್ತರ. ಮೂರ್ನಾಲ್ಕು ಕಿಲೋಮೀಟರ್ ದೂರದ ವಸ್ತಿಯಿಂದ ನಡೆದು ಬರೋ ಹುಡುಗಿ ಸೈಕಲ್ ಸಿಕ್ಕ ಮೇಲೂ ನಡೆದೇ ಬರ್ತಿದ್ದಳು. "ಬೀಳ್ತಿ ಅವ್ವಾ, ಬ್ಯಾಡ" ಅಂತ ಏಳನೇ ವರ್ಷಕ್ಕೆ ಅಂದದ್ದು ಹದಿಮೂರನೇ ವರ್ಷದಲ್ಲಿ ಹಿಂಗೆ ಕಾಡತದ.

ನಮ್ಮವ್ವನಿಗೂ ಸೈಕಲ್ ಕಲಿಯೋ ಆಸೆ ಇತ್ತಂತೆ. ಮೊನ್ನೆ ಮೊನ್ನೆ, ಮೊಣಕಾಲು ನೋವು ಅಂತ ಕೂತಾಗ ಹೇಳಿದಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ. "ಯಾರ್ನ ಕೇಳಬೇಕಿತ್ತು?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದೂ ಯಾವ ಊರಿನಲ್ಲಿ ಈ ಅಂಜಿಕೆ? ವಿಜಯಪುರದಲ್ಲಿ! ನಮ್ಮ ಕ್ರೀಡಾ ಹಾಸ್ಟೆಲ್ ಹುಡುಗರು, ಹುಡುಗಿಯರು ಬೆಳಕು ಹರಿಯೋ ಮೊದಲೇ ಹೈವೇ ಮೇಲೆ ಗುಂಪು ಕಟ್ಟಿಕೊಂಡು ಹಾರಿ ಹೋಗೋದನ್ನ ನೋಡದವರು ಯಾರಿದ್ದಾರೆ? ಈ ಜಿಲ್ಲೆಯ ಹಳ್ಳಿಗಳಿಂದ, ತಾಂಡಾಗಳಿಂದ, ಆ ಕಡೆ ಬಾಗಲಕೋಟೆಯಿಂದ, ಬೆಳಗಾವಿ ಜಿಲ್ಲೆಯ ಚಂದರಗಿ ಕ್ರೀಡಾ ಶಾಲೆಯಿಂದ ರಾಷ್ಟ್ರಮಟ್ಟಕ್ಕೆ ಹೋದ ಸೈಕ್ಲಿಸ್ಟ್‌ಗಳು ಇದ್ದಾರೆ. ಅವರಲ್ಲಿ ಸಪೋರ್ಟ್ ಗಾಲಿ ಕಂಡ ಮಕ್ಕಳು ಎಷ್ಟಿದ್ದಾರು? ದೊಡ್ಡವರ ಸೈಕಲ್ಲಿನ ನಡುವಿನ ನಳಿಗೆಯ ಕೆಳಗಿಂದ ಕಾಲು ತೂರಿಸಿ, ಕತ್ತರಿಗಾಲಲ್ಲಿ ಹೊಡೆದು ಕಲಿತವರು ನಮ್ಮ ಕಡೆ ಮನೆಮನೆಗೂ ಸಿಗ್ತಾರೆ.

"ಆಗಿನ ಕಾಲ ಬ್ಯಾರೆ ಅಕ್ಕಾರ, ಈಗ ಟ್ರಾಫಿಕ್ ನೋಡ್ರಿ" ಅಂತ ನಿನ್ನೆ ಅಲ್ಲೇ ಒಬ್ಬರು ಹೇಳಿದರು. ಟ್ರಾಫಿಕ್ ಇದೆ, ನಿಜ. ಟಂಟಂ ಆಟೋಗಳು ಎಲ್ಲಿ ಬೇಕಲ್ಲಿ ತಿರುಗ್ತಾವೆ, ಸುಗ್ಗಿ ಬಂದರೆ ಕಬ್ಬಿನ ಟ್ರ್ಯಾಕ್ಟರ್ ಬೇರೆ. ಆದರೆ ಏಳು ವರ್ಷದ ಮಗುವನ್ನ ಸ್ಟೇಶನ್ ರಸ್ತೆಗೆ ಇಳಿಸಿ ಅಂತ ಯಾರು ಹೇಳಿದರು? ಕಲಿಯೋದು ಮೈದಾನದಲ್ಲಿ. ಸಪೋರ್ಟ್ ಗಾಲಿ ಹಾಕಿದ ತಕ್ಷಣ ಟ್ರ್ಯಾಕ್ಟರ್ ದೂರ ಸರಿಯೋದಿಲ್ಲ. ಮುಂದೆ ಒಂದಿನ ರಸ್ತೆಗೆ ಇಳಿಯಲೇಬೇಕಾದ ಮಗುವಿಗೆ ಈಗಲೇ ತೋಲ ಗಟ್ಟಿ ಆಗಿರಬೇಕು. ಬ್ರೇಕು, ತಿರುವು, ಹಿಂದೆ ನೋಡೋದು, ಎಲ್ಲ ತೋಲ ಬಂದ ಮೇಲಿನ ಮಾತು. ಬಿದ್ದರೆ ಅಂತೀರಾ? ಗರಸು ನೆಲ ತರಚತದ, ಹೌದು. ಉದ್ದ ಪ್ಯಾಂಟು, ಬೂಟು, ತಲೆಗೆ ಹೆಲ್ಮೆಟ್ ಹಾಕಿ. ಅದಕ್ಕಿಂತ ಹೆಚ್ಚು ಆ ಮಗುವಿಗೆ ಏನೂ ಬೇಕಾಗಿಲ್ಲ.

ಮಾಡಬೇಕಾದ್ದು ಇಷ್ಟು. ಸಪೋರ್ಟ್ ಗಾಲಿ ಬಿಚ್ಚಿ. ಅದರ ಜೊತೆಗೆ ಎರಡೂ ಪೆಡಲ್ ಬಿಚ್ಚಿ. ಸಾಮಾನ್ಯವಾಗಿ 15ರ ಪಾನಾ ಹತ್ತತದ. ಬಲಗಡೆ ಪೆಡಲ್ ಎಲ್ಲ ನಟ್ಟಿನ ಹಾಗೆ ಎಡಕ್ಕೆ ತಿರುಗಿಸಿದರೆ ಬಿಚ್ಚತದ. ಎಡಗಡೆಯದು ಉಲ್ಟಾ, ಬಲಕ್ಕೆ ತಿರುಗಿಸಬೇಕು. ಗೊತ್ತಿಲ್ಲದೇ ಜೋರು ಮಾಡಿದರೆ ಆಟೆ (ಥ್ರೆಡ್) ಹಾಳಾಗತದ, ಪಂಚರ್ ಅಂಗಡಿಯವರಿಗೆ ಕೊಟ್ಟರೆ ಎರಡು ನಿಮಿಷದ ಕೆಲಸ. ಆಮೇಲೆ ಸೀಟು ಪೂರಾ ಇಳಿಸಿ. ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕು, ತುದಿಬೆರಳಷ್ಟೇ ಅಲ್ಲ. ಹಾಗೆ ಕೂತು ಮಗು ಕಾಲಿಂದ ನೆಲ ದೂಡಿಕೊಂಡು ಹೋಗಲಿ. ಮೊದಲು ನಡೆಯತದ, ಆಮೇಲೆ ಓಡತದ, ಆಮೇಲೆ ಎರಡೂ ಕಾಲೆತ್ತಿ ತೇಲಿಕೊಂಡು ಹೋಗತದ. ಹಾಗೆ ತೇಲುವಾಗ ತೋಲ ತಾನೇ ಬರತದ. ಆ ಮೇಲೆ ಪೆಡಲ್ ಹಾಕಿ. ನೀವು ಹ್ಯಾಂಡಲ್ ಮುಟ್ಟಬೇಡಿ, ಹಿಡಿಯಲೇಬೇಕಾದರೆ ಮಗುವಿನ ಬೆನ್ನು ಹಿಡೀರಿ. ಕಣ್ಣು ಮುಂದೆ ದೂರಕ್ಕೆ ಇರಲಿ, ಮುಂದಿನ ಗಾಲಿ ಮೇಲಲ್ಲ.

ಇದು ಹೊಸ ಫ್ಯಾಶನ್ನೂ ಅಲ್ಲ. 1817ರಲ್ಲಿ ಜರ್ಮನಿಯ ಮ್ಯಾನ್‌ಹೈಮಿನಲ್ಲಿ ಕಾರ್ಲ್ ಡ್ರೈಸ್ ಅನ್ನೋರು ಎರಡು ಗಾಲಿಯ ಮೊದಲ ಗಾಡಿ ಓಡಿಸಿದಾಗ ಅದಕ್ಕೆ ಪೆಡಲ್ಲೇ ಇರಲಿಲ್ಲ, ಕಾಲಿಂದ ನೆಲ ದೂಡಿಕೊಂಡೇ ಹೋದರು. ಪೆಡಲ್ ಬಂದದ್ದು 1860ರ ದಶಕದಲ್ಲಿ. ಜಗತ್ತೇ ಮೊದಲು ತೋಲ ಕಲಿತು ಆಮೇಲೆ ತುಳಿಯೋದು ಕಲಿತದ್ದು.

ಇನ್ನೊಂದು ಮಾತು ಹೇಳದಿದ್ದರೆ ಸಮಾಧಾನ ಆಗೋದಿಲ್ಲ. ಐದು ವರ್ಷದ ಮಗುವಿಗೆ 20 ಇಂಚಿನ ಸೈಕಲ್ ಕೊಡಿಸ್ತೀರಿ, "ಬೆಳೀತದಲ್ಲ, ನಾಕು ವರ್ಷ ಬರಲಿ" ಅಂತ. ಖರ್ಚಿನ ಕಷ್ಟ ನನಗೂ ಗೊತ್ತು, ಮನೆ ನಡೆಸ್ತೀನಿ. ಆದರೆ ಕಾಲು ಎಟುಕದ ಸೈಕಲ್ ಮೇಲೆ ಮಗು ಅಂಜತದ, ಅಂಜತದ ಅಂತ ಸಪೋರ್ಟ್ ಗಾಲಿ ಬರತದ, ಗಾಲಿ ಇದೆ ಅಂತ ತೋಲ ಬರೋದಿಲ್ಲ, ಕೊನೆಗೆ ಸೈಕಲ್ ಮಾಳಿಗೆ ಮೇಲೆ ತುಕ್ಕು ಹಿಡೀತದ. ದುಡ್ಡು ಉಳೀತಾ? ಹದಿನಾಲ್ಕರದೋ ಹದಿನಾರರದೋ ಸೆಕೆಂಡ್ ಹ್ಯಾಂಡ್ ತಗೊಳ್ಳಿ, ಅಕ್ಕಪಕ್ಕದ ಮನೆಯವರ ಜೊತೆ ಬದಲಿ ಮಾಡಿಕೊಳ್ಳಿ. ಸೈಕಲ್ ಅಂಗಡಿ ಇಟ್ಟಿರೋ ಗೆಳೆಯರೂ ಇದನ್ನ ಓದ್ತೀರಿ. ಮಗುವನ್ನ ಸೀಟ್ ಮೇಲೆ ಕೂಡಿಸಿ ಕಾಲು ಎಟುಕತದಾ ನೋಡದೇ ಮಾರಬೇಡ್ರಿ. ಸಪೋರ್ಟ್ ಗಾಲಿ ಕೇಳಿದವರಿಗೆ ಪೆಡಲ್ ಬಿಚ್ಚಿ ಕೊಡೋದನ್ನ ಒಂದು ಸಲ ಹೇಳಿ ನೋಡ್ರಿ.

ಬರೋ ರವಿವಾರ ಬೆಳಿಗ್ಗೆ, ಬಿಸಿಲು ಏರೋ ಮೊದಲು, ಅದೇ ಮೈದಾನದಲ್ಲಿ ಇರ್ತೀನಿ. ಪಾನಾ ನಾನೇ ತರ್ತೀನಿ. ಮಕ್ಕಳನ್ನ ಕರಕೊಂಡು ಬನ್ನಿ, ಅದರಲ್ಲೂ ಹೆಣ್ಣುಮಕ್ಕಳನ್ನ. ಹತ್ತನೇ ಕ್ಲಾಸಿಗೆ ಬಂದರೂ ಇನ್ನೂ ಬರೋದಿಲ್ಲ ಅಂತ ನಾಚೋ ಹುಡುಗಿಯರಿದ್ದರೆ ಅವರನ್ನೂ ಕರೆತನ್ನಿ, ಅವರಿಗೂ ಇದೇ ದಾರಿ. ದೊಡ್ಡ ಸೈಕಲ್ ಒಂದನ್ನ ಪೆಡಲ್ ಬಿಚ್ಚಿ ಇಟ್ಟಿರ್ತೀನಿ.