ಅತ್ತ ದರಿ, ಇತ್ತ ಐ-9

ಅಮೆರಿಕದಲ್ಲಿ ಹೋಟೆಲ್ ನಡೆಸುವವರು ಈಗ ಅಡುಗೆಗಿಂತ ಮೊದಲು ಕಾನೂನು ಕಲಿಯಬೇಕಾಗಿದೆ. ವಲಸೆ ಇಲಾಖೆಯವರು ದಾಳಿಗೆ ಬಂದರೆ ಧಣಿಗಳು ಏನು ಮಾಡಬೇಕೆಂದು ವಕೀಲರು ಪಾಠ ಹೇಳುತ್ತಿದ್ದಾರೆ. ಅದರ ಸಾರವನ್ನು ಇಲ್ಲಿ ಬಡಿಸಿದ್ದೇನೆ.

ಮೊದಲು ಬೋರ್ಡ್ ಬರೆಸಿ. ಗಿರಾಕಿಗಳು ಕೂರುವ ಜಾಗಕ್ಕೆ ಅಧಿಕಾರಿಗಳು ಯಾರನ್ನೂ ಕೇಳದೆ ಬರಬಹುದು. ಅಡುಗೆಮನೆಗೆ ಕಾಲಿಡಲು ಮಾತ್ರ ಧಣಿಯ ಒಪ್ಪಿಗೆ ಬೇಕು, ಇಲ್ಲವೇ ನ್ಯಾಯಾಧೀಶರ ಸಹಿಯಿರುವ ವಾರಂಟ್ ಬೇಕು. ಇಲಾಖೆ ತಾನೇ ಬರೆದು ತಾನೇ ಸಹಿ ಹಾಕಿಕೊಂಡ ವಾರಂಟ್ ಸಾಲದು. ಆದ್ದರಿಂದ ಬಾಗಿಲಿಗೆ ‘ಸಿಬ್ಬಂದಿಗೆ ಮಾತ್ರ’ ಎಂದು ಫಲಕ ಹೊಡೆಯಿರಿ. ವಿನಾಕಾರಣ ಶೋಧನೆಯಿಂದ ಜನರನ್ನು ಕಾಯುವ ಸಂವಿಧಾನದ ನಾಲ್ಕನೆಯ ತಿದ್ದುಪಡಿ ಸದ್ಯ ಅದೇ ಮೊಳೆಗೆ ನೇತುಬಿದ್ದಿದೆ. ಮುಸುಕು ಹಾಕಿಕೊಂಡು ಬಂದವರ ಕೈಯಲ್ಲಿರುವ ಕಾಗದ ಕೋರ್ಟಿನದೋ ಇಲಾಖೆಯದೋ ಎಂದು ನಿಂತಲ್ಲೇ ತೀರ್ಮಾನಿಸುವವಳು ಗಲ್ಲಾದ ಮೇಲಿರುವ ಹುಡುಗಿ. ಸಂಬಳ ಮಾತ್ರ ಗಲ್ಲಾದ್ದೇ.

ಇನ್ನು ಕಾಗದಪತ್ರ. 1952ರ ಕಾನೂನು ಬಹಳ ಉದಾರವಾಗಿತ್ತು: ಅಕ್ರಮ ವಲಸಿಗನಿಗೆ ಆಶ್ರಯ ಕೊಡುವುದು ಅಪರಾಧ, ಕೆಲಸ ಕೊಡುವುದು ಆಶ್ರಯವೇ ಅಲ್ಲ! ಹೊಲಗಳ ಒಡೆಯರು ಮೂರು ದಶಕ ನೆಮ್ಮದಿಯಾಗಿ ನಿದ್ರಿಸಿದರು. 1986ರಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾನೂನು ಗೊತ್ತಿದ್ದೂ ಅಂಥವರಿಗೆ ಕೆಲಸ ಕೊಡುವುದನ್ನು ನಿಷೇಧಿಸಿತು. ಅದರೊಂದಿಗೆ, ನೌಕರನಿಗೆ ಕೆಲಸ ಮಾಡುವ ಹಕ್ಕಿದೆಯೇ ಎಂದು ಧಣಿ ದಾಖಲೆ ನೋಡಿ ತುಂಬುವ ಐ-9 ನಮೂನೆ ಬಂತು. ನೌಕರ ತೋರಿಸುವ ದಾಖಲೆ ಮೇಲ್ನೋಟಕ್ಕೆ ಅಸಲಿಯಂತೆ ಕಂಡರೆ ಒಪ್ಪಿಕೊಳ್ಳಬೇಕು. ಹೆಸರು, ಮೈಬಣ್ಣ ನೋಡಿ ಅನುಮಾನಪಟ್ಟು ಇನ್ನೊಂದು ದಾಖಲೆ ಕೇಳಿದರೆ ತಾರತಮ್ಯದ ಮೊಕದ್ದಮೆ. ಕೇಳದೆ ಬಿಟ್ಟರೆ ‘ಗೊತ್ತಿದ್ದೂ ನೇಮಿಸಿಕೊಂಡೆ’ ಎಂಬ ಆರೋಪದ ಭಯ. ಧಣಿಯ ಕಣ್ಣು ತೆರೆದೇ ಇರಬೇಕು, ದೃಷ್ಟಿ ಮಾತ್ರ ಆಳಕ್ಕೆ ಹಾಯಬಾರದು.

ಈ ಗೊಂದಲವೇ ಬೇಡವೆನ್ನುವವರಿಗೆ ಸರ್ಕಾರ ಈ-ವೆರಿಫೈ ಎಂಬ ಗಣಕ ವ್ಯವಸ್ಥೆ ಕೊಟ್ಟಿದೆ. ನೌಕರನ ವಿವರಗಳನ್ನು ಸರ್ಕಾರಿ ದಾಖಲೆಗಳೊಂದಿಗೆ ಅದು ತಾಳೆ ನೋಡುತ್ತದೆ. ಒಮಾಹಾದ ಗ್ಲೆನ್ ವ್ಯಾಲಿ ಫುಡ್ಸ್ ಎಂಬ ಮಾಂಸದ ಕಾರ್ಖಾನೆ ಅದನ್ನು ನಿಷ್ಠೆಯಿಂದ ಬಳಸಿತು. 2025ರ ಜೂನ್‌ನಲ್ಲಿ ಅಧಿಕಾರಿಗಳು ಬಂದು ಕೆಲಸಗಾರರನ್ನು ಹಿಡಿದುಕೊಂಡು ಹೋದರು. ಬೇರೆಯವರ ಗುರುತನ್ನು ಕದ್ದು ಬಳಸಿದವರನ್ನು ಆ ಯಂತ್ರ ಪತ್ತೆಹಚ್ಚುವುದಿಲ್ಲವಂತೆ. ಹಾಗಾದರೆ ಅದು ಪರಿಶೀಲಿಸುವುದು ಏನನ್ನು ಎಂದು ಕೇಳಬೇಡಿ, ಅಧಿಕಪ್ರಸಂಗವಾಗುತ್ತದೆ.

ಮರು ತಿಂಗಳು ಮೇನ್ ರಾಜ್ಯದ ಓಲ್ಡ್ ಆರ್ಚರ್ಡ್ ಬೀಚ್ ಎಂಬ ಊರಿನಲ್ಲಿ ಪೊಲೀಸನೊಬ್ಬನೇ ಅಕ್ರಮ ವಲಸಿಗನೆಂದು ಬಂಧಿತನಾದ. ಊರಿನವರು ಅವನನ್ನು ನೇಮಿಸಿಕೊಂಡದ್ದು ಈ-ವೆರಿಫೈ ಹಸಿರು ನಿಶಾನೆ ತೋರಿದ ಮೇಲೆಯೇ. ಅದನ್ನು ನಡೆಸುವುದು ಒಳನಾಡು ಭದ್ರತಾ ಇಲಾಖೆ. ಅವನನ್ನು ಹಿಡಿದದ್ದೂ ಅದೇ ಇಲಾಖೆ. ಈ-ವೆರಿಫೈಯನ್ನು ನಂಬಿದ್ದು ಊರಿನವರ ಬೇಜವಾಬ್ದಾರಿತನವೆಂದು ಗದರಿಸಿದ್ದೂ ಅದೇ! ಇಲಾಖೆಯನ್ನು ನಂಬದ ಧಣಿಗೆ ದಂಡ, ನಂಬಿದ ಧಣಿಗೆ ಬೈಗುಳ. ಬೈಗುಳವೇ ಅಗ್ಗ ಎಂಬುದು ನನ್ನ ಲೆಕ್ಕ.

ದೊಡ್ಡ ಧಣಿಗಳಿಗೂ ವಿನಾಯಿತಿಯಿಲ್ಲ. ಅಮೆರಿಕದಲ್ಲೇ ಕಾರ್ಖಾನೆ ಕಟ್ಟಿ ಎಂದು ಕರೆಸಿಕೊಂಡ, ದಕ್ಷಿಣ ಕೊರಿಯಾದ ಹ್ಯುಂಡೈ ಮತ್ತು ಎಲ್‌ಜಿ ಕಂಪನಿಗಳ ಜಾರ್ಜಿಯಾ ರಾಜ್ಯದ ಬ್ಯಾಟರಿ ಘಟಕಕ್ಕೆ 2025ರ ಸೆಪ್ಟೆಂಬರ್ 4ರಂದು ದಾಳಿ ನಡೆಯಿತು. ಸುಮಾರು 475 ಮಂದಿ ಸಿಕ್ಕಿಬಿದ್ದರು. ಅವರಲ್ಲಿ 300ಕ್ಕೂ ಹೆಚ್ಚು ಮಂದಿ ಕೊರಿಯನ್ನರು, ಕೆಲವರ ಕೈಕಾಲಿಗೆ ಸರಪಳಿ. ಮೂರು ದಿನಗಳ ನಂತರ ಅಧ್ಯಕ್ಷ ಟ್ರಂಪ್‌ ಅವರಿಗೆ ಹೊಳೆಯಿತು: ಬ್ಯಾಟರಿ ತಯಾರಿಸುವುದನ್ನು ನಮ್ಮವರಿಗೆ ಕಲಿಸಲು ಹೊರಗಿನ ಪರಿಣತರು ಬರಬೇಕು. ಪರಿಣತರು ಆಗಲೇ ಬಂದಿದ್ದರು. ಜಾರ್ಜಿಯಾದ ಬಂಧನ ಕೇಂದ್ರದಲ್ಲಿ ಊರಿಗೆ ಮರಳುವ ವಿಮಾನಕ್ಕೆ ಕಾಯುತ್ತಿದ್ದರು.