ಸಹಾರಾ ಯಾರನ್ನೂ ತಡೆದಿರಲಿಲ್ಲ

ಆಫ್ರಿಕಾ ಬಗೆಗಿನ ನಿಮ್ಮ ಲೇಖನದಲ್ಲಿ, ಯುರೋಪಿನವರು ಬರುವವರೆಗೆ ಸಹಾರಾ ಮರುಭೂಮಿಯ ದಕ್ಷಿಣದ ಜನರಿಗೆ ಹೊರಗಿನವರ ಸಂಪರ್ಕವೇ ಇರಲಿಲ್ಲ ಎಂದು ಬರೆದಿದ್ದೀರಿ. ಈ ಮಾತನ್ನು ನಾನು ಖಂಡಿತ ಒಪ್ಪುವುದಿಲ್ಲ ಸಾರ್. ಒಂಟೆಗಳ ಸಾಲು ಶತಮಾನಗಳ ಕಾಲ ಆ ಮರಳನ್ನು ದಾಟುತ್ತಿತ್ತು. ಸಹಾರಾದೊಳಗಿನ ತಘಾಜಾ ಗಣಿಯ ಉಪ್ಪು ದಕ್ಷಿಣಕ್ಕೆ, ಪಶ್ಚಿಮ ಆಫ್ರಿಕಾದ ಚಿನ್ನ ಉತ್ತರಕ್ಕೆ. ಮಾಲಿಯ ದೊರೆ ಮಾನ್ಸಾ ಮೂಸಾ 1324ರಲ್ಲಿ ಮೆಕ್ಕಾಗೆ ಹೊರಟವನು ಕೈರೋದಲ್ಲಿ ಎಷ್ಟು ಚಿನ್ನ ಹಂಚಿದ ಅಂದ್ರೆ, ಅಲ್ಲಿ ಚಿನ್ನದ ಬೆಲೆಯೇ ಇಳಿದುಹೋಯಿತು. ಸಂಪರ್ಕ ಇಲ್ಲದೆ ಇದೆಲ್ಲ ಆಗುತ್ತಾ? ಆಫ್ರಿಕಾದ ಪೂರ್ವ ಕರಾವಳಿಯ ಬಂದರು ಕಿಲ್ವಾದ ನಾಣ್ಯ ದೂರದ ಒಳನಾಡಿನ ಹಳೆಯ ಕಲ್ಲಿನ ನಗರ ಗ್ರೇಟ್ ಜಿಂಬಾಬ್ವೆಯಲ್ಲಿ ಸಿಕ್ಕಿದೆ. ಚೀನಾದ ಪಿಂಗಾಣಿ ಚೂರುಗಳೂ ಅಲ್ಲಿ ಸಿಕ್ಕಿವೆ.

ರಾಜರು, ವ್ಯಾಪಾರಿಗಳ ಮಾತು ಹಾಗಿರಲಿ. ಲೇಖನದಲ್ಲಿ ರೈತರ ಸುದ್ದಿಯೇ ಇಲ್ಲ, ನನಗೆ ಜಾಸ್ತಿ ಬೇಸರವಾಗಿದ್ದು ಅದಕ್ಕೇ. ನಮ್ಮದು ಚಳ್ಳಕೆರೆ ಕಡೆ, ಮಳೆ ಕಡಿಮೆ. ಇಲ್ಲಿ ಬರಗಾಲದಲ್ಲೂ ಜನರ ಹೊಟ್ಟೆ ಹೊರೆದ ಬೆಳೆಗಳನ್ನು ನೋಡಿ. ರಾಗಿ ಪೂರ್ವ ಆಫ್ರಿಕಾದ ಎತ್ತರದ ನಾಡಿನದು. ಜೋಳ ಸುಡಾನ್ ಕಡೆಯದು. ಸಜ್ಜೆ, ಅಲಸಂದೆ ಪಶ್ಚಿಮ ಆಫ್ರಿಕಾದವು. ಸಜ್ಜೆ 3,500 ವರ್ಷಗಳಿಗೂ ಹಿಂದೆಯೇ ಭಾರತಕ್ಕೆ ಬಂದಿದೆ. ಪಶ್ಚಿಮ ಆಫ್ರಿಕಾದ ಬೆಳೆ ನಮ್ಮ ತನಕ ಬರಬೇಕಾದರೆ ಮೊದಲು ಆ ಖಂಡದ ಅಗಲವನ್ನೇ ದಾಟಬೇಕಲ್ವಾ? ಒಂದು ಹಳ್ಳಿಯ ರೈತ ಇನ್ನೊಂದು ಹಳ್ಳಿಯವನಿಗೆ ಬೀಜ ಕೊಡದೆ ಅದು ಸಾಧ್ಯವಿರಲಿಲ್ಲ. ಮುಂದಿನ ಕಂತಿನಲ್ಲಿ ದಯವಿಟ್ಟು ಈ ಬೀಜಗಳ ದಾರಿಯ ಬಗ್ಗೆಯೂ ಬರೆಯಿರಿ.