ಲೆವ್ ಹೋಯಿತು, ಮಾರ್ಕ್‌ನ ದರ ಉಳಿಯಿತು: ಹಲವು ದೇಶಗಳ ಹಣ ಒಂದಾಗುವುದು ಅಂದರೆ ಏನು?

2026ರ ಜನವರಿ 1ರಂದು ಬಲ್ಗೇರಿಯಾ ತನ್ನ ಹಣವಾದ ಲೆವ್ ಬಿಟ್ಟು ಯೂರೋ ಬಳಗಕ್ಕೆ ಸೇರಿತು, ಇಪ್ಪತ್ತೊಂದನೇ ದೇಶವಾಗಿ. ಬದಲಾವಣೆಯ ದರ 1 ಯೂರೋಗೆ 1.95583 ಲೆವ್. ಯುರೋಪಿನ ಹಣದ ಚರಿತ್ರೆ ಬಲ್ಲವರಿಗೆ ಈ ಅಂಕಿ ಹಳೆಯ ಪರಿಚಯ. 1998ರ ಡಿಸೆಂಬರ್ 31ರಂದು ಜರ್ಮನಿಯ ಮಾರ್ಕ್‌ಗೆ ಗೊತ್ತುಮಾಡಿದ ದರ ಇದೇ, ಕೊನೆಯ ದಶಾಂಶದವರೆಗೂ ಇದೇ.

ಆದದ್ದು ಹೀಗೆ. 1996–97ರಲ್ಲಿ ಬಲ್ಗೇರಿಯಾದ ಬ್ಯಾಂಕುಗಳು ಒಂದರ ಹಿಂದೆ ಒಂದು ಮುಳುಗಿದವು, ಲೆವ್ ಕೈಯಲ್ಲಿ ಹಿಡಿಯಲಾರದಷ್ಟು ಬೇಗ ಬೆಲೆ ಕಳೆದುಕೊಂಡಿತು. 1997ರ ಜುಲೈ 1ರಂದು ದೇಶ ‘ಕರೆನ್ಸಿ ಬೋರ್ಡ್’ ಪದ್ಧತಿಗೆ ಬಂತು. ಕೇಂದ್ರ ಬ್ಯಾಂಕು ಹೊರಬಿಡುವ ಪ್ರತಿ ಲೆವ್‌ನ ಹಿಂದೆ ವಿದೇಶಿ ಹಣ ಇರಲೇಬೇಕು, ಸರ್ಕಾರಕ್ಕೆ ಸಾಲ ಕೊಡುವಂತಿಲ್ಲ, 1,000 ಲೆವ್‌ಗೆ 1 ಮಾರ್ಕ್. 1999ರ ಜುಲೈನಲ್ಲಿ ಮೂರು ಸೊನ್ನೆ ತೆಗೆದರು, 1 ಲೆವ್ ಅಂದರೆ 1 ಮಾರ್ಕ್ ಆಯಿತು. ಮಾರ್ಕ್ ಯೂರೋದಲ್ಲಿ ಕರಗಿದ ಮೇಲೂ ಲೆವ್ ಆ ದರವನ್ನು ಬಿಡಲಿಲ್ಲ. ಬೋಸ್ನಿಯಾದಲ್ಲಂತೂ ಇವತ್ತಿಗೂ ಚಲಾವಣೆಯಲ್ಲಿರುವ ಹಣದ ಹೆಸರೇ ‘ಕನ್ವರ್ಟಿಬಲ್ ಮಾರ್ಕ್’. ಅದರ ದರವೂ 1.95583.

ಯೂರೋ ಇವತ್ತಲ್ಲ ನಾಳೆ ಒಡೆಯುತ್ತದೆ ಎನ್ನುವವರು, ಅದು ಅಲುಗಾಡುವುದೇ ಇಲ್ಲ ಎನ್ನುವವರು, ಇಬ್ಬರೂ ನೋಡುವುದು ನೋಟು, ನಾಣ್ಯ, ದರಗಳನ್ನು. ನನ್ನ ಪ್ರಕಾರ ನೋಡಬೇಕಾದದ್ದು ಬ್ಯಾಂಕಿನ ಠೇವಣಿಯನ್ನು. ಒಂದು ದೇಶದ ಹಣವನ್ನು ಇನ್ನೊಂದು ದೇಶ ಮುಖಬೆಲೆಗೆ, ಮಿತಿಯಿಲ್ಲದೆ ತೆಗೆದುಕೊಳ್ಳಲೇಬೇಕೆ? ತೆಗೆದುಕೊಂಡರೆ ಆ ಹೊರೆ ಕೊನೆಗೆ ಯಾರ ಲೆಕ್ಕಕ್ಕೆ? ಯುರೋಪಿನಲ್ಲಿ ನೂರೈವತ್ತು ವರ್ಷಗಳಿಂದ ಹಣದ ಒಕ್ಕೂಟಗಳು ಬಿರುಕುಬಿಟ್ಟದ್ದೆಲ್ಲ ಈ ಎರಡು ಪ್ರಶ್ನೆಗಳ ಹತ್ತಿರವೇ.

ದರದ ಕೆಲಸ ಎಷ್ಟು ಅಚ್ಚುಕಟ್ಟಾಗಿ ನಡೆಯಿತು ಅನ್ನುವುದನ್ನು ಮೊದಲು ಹೇಳಬೇಕು, ಯಾಕೆಂದರೆ ಅದನ್ನು ಯಾರೂ ಹೇಳುವುದಿಲ್ಲ. ಯೂರೋಗೆ ಮುಂಚೆ ‘ಎಕ್ಯೂ’ ಎಂಬ ಲೆಕ್ಕದ ಹಣವಿತ್ತು. ಹನ್ನೆರಡು ದೇಶಗಳ ಹಣವನ್ನು ಇಷ್ಟಿಷ್ಟು ಎಂದು ಬೆರೆಸಿ ಕಟ್ಟಿದ ಬುಟ್ಟಿ ಅದು. ಒಂದು ಎಕ್ಯೂ ಒಂದು ಯೂರೋ ಆಗಲೇಬೇಕು ಎಂಬುದು ಕಟ್ಟಳೆ. ತೊಡಕೆಂದರೆ, ಬುಟ್ಟಿಯಲ್ಲಿದ್ದ ಬ್ರಿಟಿಷ್ ಪೌಂಡ್, ಡೆನ್ಮಾರ್ಕಿನ ಕ್ರೋನ, ಗ್ರೀಸಿನ ಡ್ರಾಕ್ಮಾ ಮೂರೂ 1999ರಲ್ಲಿ ಯೂರೋಗೆ ಬರುತ್ತಿರಲಿಲ್ಲ. ಅವು ಕೊನೆಯ ದಿನದವರೆಗೂ ಏರಿಳಿಯುತ್ತಿದ್ದವು. ಹಾಗಾಗಿ ಒಳಬರುವ ಹನ್ನೊಂದು ದೇಶಗಳ ಪರಸ್ಪರ ದರಗಳನ್ನು 1998ರ ಮೇ ತಿಂಗಳಲ್ಲೇ ಪ್ರಕಟಿಸಿದರೂ, ಯೂರೋಗೆ ಎಷ್ಟು ಎಂಬುದನ್ನು ಮುಂಚಿತವಾಗಿ ಹೇಳಲು ದಾರಿಯೇ ಇರಲಿಲ್ಲ. ಡಿಸೆಂಬರ್ 31ರ ಬೆಳಗ್ಗೆ 11:30ಕ್ಕೆ ಕೇಂದ್ರ ಬ್ಯಾಂಕುಗಳು ಫೋನಿನಲ್ಲಿ ತಮ್ಮ ತಮ್ಮ ಡಾಲರ್ ದರ ಹೇಳಿಕೊಂಡವು, ಬುಟ್ಟಿಯ ಬೆಲೆ 1.16675 ಡಾಲರ್ ಎಂದು ಬಂತು, ಅದರಿಂದ ಗುಣಿಸಿ ಎಲ್ಲ ದರಗಳನ್ನೂ ತೆಗೆದರು. ಅವತ್ತು ಗುರುವಾರ. ಸೋಮವಾರ ಜನವರಿ 4ಕ್ಕೆ ಮಾರುಕಟ್ಟೆ ತೆರೆಯುವಷ್ಟರಲ್ಲಿ ಹನ್ನೊಂದು ದೇಶಗಳ ಬ್ಯಾಂಕುಗಳ ಲೆಕ್ಕ ಬದಲಾಗಿರಬೇಕಿತ್ತು. ಆಯಿತು.

ಪ್ರತಿ ದರಕ್ಕೂ ಆರು ಅರ್ಥಪೂರ್ಣ ಅಂಕಿಗಳು. ಫ್ರಾನ್ಸಿನ ಫ್ರಾಂಕ್ 6.55957, ಇಟಲಿಯ ಲೀರಾ 1936.27, ಐರ್ಲೆಂಡಿನ ಪೌಂಡ್ 0.787564. ಚುಕ್ಕಿ ಎಲ್ಲಿ ಬಂದರೂ ಅಂಕಿ ಆರು. ಈ ದರವನ್ನು ಮೊಟಕು ಮಾಡುವಂತಿಲ್ಲ. ತಿರುಗುಮುರುಗು ಮಾಡಿ ‘ಒಂದು ಲೀರಾಗೆ ಇಷ್ಟು ಯೂರೋ’ ಎಂದು ಬರೆದುಕೊಂಡು ಗುಣಿಸುವಂತಿಲ್ಲ. ಯಾಕೆಂದು ಲೆಕ್ಕ ಹಾಕಿ ನೋಡಿ. 10 ಕೋಟಿ ಲೀರಾವನ್ನು 1936.27ರಿಂದ ಭಾಗಿಸಿದರೆ 51,645.69 ಯೂರೋ. ಅದನ್ನೇ 0.000516 ಎಂಬ ತಿರುವಿದ ದರದಿಂದ ಗುಣಿಸಿದರೆ 51,600. ನಲವತ್ತೈದು ಯೂರೋ ಚಿಲ್ಲರೆ ಗಾಳಿಯಲ್ಲಿ ಹೋಯಿತು. ಒಂದು ದೇಶದ ಪಿಂಚಣಿ ಲೆಕ್ಕಕ್ಕೆ ಇದನ್ನು ಹಚ್ಚಿದರೆ ಏನಾಗುತ್ತಿತ್ತು ಯೋಚಿಸಿ. ಮಾರ್ಕ್‌ನಿಂದ ಫ್ರಾಂಕ್‌ಗೆ ಹೋಗುವಾಗಲೂ ನೇರ ದಾರಿಯಿಲ್ಲ, ಯೂರೋ ಮೂಲಕವೇ ಹೋಗಬೇಕು, ನಡುವಿನ ಮೊತ್ತದಲ್ಲಿ ಕನಿಷ್ಠ ಮೂರು ದಶಾಂಶ ಉಳಿಸಿಕೊಳ್ಳಬೇಕು. 1,000 ಮಾರ್ಕ್ ಮೊದಲು 511.292 ಯೂರೋ, ಆಮೇಲೆ 3,353.86 ಫ್ರಾಂಕ್. ಕೊನೆಯಲ್ಲಿ ಸರಿಯಾಗಿ ಅರ್ಧ ಸೆಂಟ್ ಉಳಿದರೆ ಮೇಲಕ್ಕೆ.

ಕಲಬುರಗಿ, ರಾಯಚೂರು, ಬೀದರ್ ಕಡೆಯ ಹಿಂದಿನ ತಲೆಮಾರಿಗೆ ಈ ಕಷ್ಟ ಚೆನ್ನಾಗಿ ಗೊತ್ತಿತ್ತು. ನಿಜಾಮರ ‘ಹಾಲಿ’ ರೂಪಾಯಿಗೂ ಬ್ರಿಟಿಷರ ‘ಕಲ್ದಾರ’ ರೂಪಾಯಿಗೂ ಏಳಕ್ಕೆ ಆರರ ಲೆಕ್ಕ. ನೂರು ಕಲ್ದಾರಕ್ಕೆ 116 ರೂಪಾಯಿ 10 ಆಣೆ 8 ಪೈ. ತಿರುಗಿಸಿ ನೂರು ಹಾಲಿಗೆ ಎಷ್ಟು ಕಲ್ದಾರ ಎಂದು ಹೊರಟರೆ ಭಾಗಿಸಿದಷ್ಟೂ ಮುಗಿಯದ ಸಂಖ್ಯೆ. ಚಿಲ್ಲರೆ ಯಾರ ಪಾಲಿಗೆ ಎಂಬ ತಕರಾರು ಎರಡು ಹಣ ಸೇರುವಲ್ಲೆಲ್ಲ ಇದ್ದೇ ಇರುತ್ತದೆ. ಯುರೋಪು ಅದನ್ನು ಕಾನೂನಿನಲ್ಲೇ ಬರೆದು ಮುಗಿಸಿತು.

ಇಷ್ಟು ಸುಲಭದ ಭಾಗ. ಈಗ ಕಷ್ಟದ್ದು.

1865ರ ಡಿಸೆಂಬರ್‌ನಲ್ಲಿ ಫ್ರಾನ್ಸ್, ಬೆಲ್ಜಿಯಂ, ಇಟಲಿ, ಸ್ವಿಟ್ಜರ್ಲೆಂಡ್ ಸೇರಿ ‘ಲ್ಯಾಟಿನ್ ಹಣದ ಒಕ್ಕೂಟ’ ಮಾಡಿಕೊಂಡವು. ಗ್ರೀಸ್ ಆಮೇಲೆ ಬಂತು. ತೂಕ, ಶುದ್ಧತೆಗಳನ್ನು ಅಕ್ಕಸಾಲಿಗರ ಹಾಗೆ ಬರೆದುಕೊಂಡಿದ್ದರು: 5 ಫ್ರಾಂಕಿನ ಬೆಳ್ಳಿ ನಾಣ್ಯ 25 ಗ್ರಾಂ, ಸಾವಿರಕ್ಕೆ 900 ಪಾಲು ಬೆಳ್ಳಿ, 2 ಫ್ರಾಂಕ್ ಮತ್ತು ಅದಕ್ಕಿಂತ ಚಿಕ್ಕವು 835 ಪಾಲು. ಚಿಕ್ಕ ನಾಣ್ಯಗಳನ್ನು ತಲೆಗೆ 6 ಫ್ರಾಂಕ್‌ನಂತೆ ಮಾತ್ರ ಟಂಕಿಸಬೇಕು, ಒಬ್ಬರ ಚಿಲ್ಲರೆಯನ್ನು ಇನ್ನೊಬ್ಬರ ಬೊಕ್ಕಸ ಒಂದು ಸಲಕ್ಕೆ 100 ಫ್ರಾಂಕ್‌ವರೆಗೆ ತೆಗೆದುಕೊಳ್ಳಬೇಕು. ಕಾಗದದ ನೋಟಿನ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ.

ಆ ಬಿಟ್ಟುಹೋದ ಸಾಲಿನಲ್ಲೇ ತೂತು ಬಿತ್ತು. ಒಪ್ಪಂದ ಜಾರಿಗೆ ಬರುವ ಮೂರು ತಿಂಗಳು ಮುಂಚೆ, 1866ರ ಮೇನಲ್ಲಿ, ಆಸ್ಟ್ರಿಯಾ ಮೇಲಿನ ಯುದ್ಧದ ಖರ್ಚಿಗಾಗಿ ಇಟಲಿ ತನ್ನ ನೋಟಿಗೆ ಬೆಳ್ಳಿಬಂಗಾರ ಕೊಡುವುದನ್ನು ನಿಲ್ಲಿಸಿ, ಕಾಗದವನ್ನೇ ತೆಗೆದುಕೊಳ್ಳಿ ಎಂದು ಕಟ್ಟಪ್ಪಣೆ ಮಾಡಿತು. ಕಾಗದದ ಬೆಲೆ ಇಳಿಯಿತು. ಬೆಳ್ಳಿ ನಾಣ್ಯಕ್ಕೆ ಗಡಿಯಾಚೆ ಪೂರ್ತಿ ಬೆಲೆ ಇತ್ತು. ಒಳಗೆ ಯಾರು ಇಟ್ಟುಕೊಳ್ಳುತ್ತಾರೆ? ಇಟಲಿಯ ಚಿಲ್ಲರೆ ಫ್ರಾನ್ಸಿಗೆ ಹರಿದುಹೋಯಿತು. ಮುಂದೆ 1870ರ ದಶಕದಲ್ಲಿ ಜರ್ಮನಿ ಬಂಗಾರಕ್ಕೆ ಬದಲಾಗಿ ತನ್ನ ಬೆಳ್ಳಿಯನ್ನು ಮಾರಲು ಹೊರಟಾಗ ಬೆಳ್ಳಿಯ ದರವೇ ಕುಸಿಯಿತು. ಒಪ್ಪಂದದ ಲೆಕ್ಕದಲ್ಲಿ ಬಂಗಾರ ಒಂದಕ್ಕೆ ಬೆಳ್ಳಿ 15.5, ಮಾರುಕಟ್ಟೆಯಲ್ಲಿ ಬೆಳ್ಳಿ ಅದಕ್ಕಿಂತ ಅಗ್ಗ. ಅಗ್ಗದ ಬೆಳ್ಳಿ ತಂದು ಟಂಕಸಾಲೆಗೆ ಸುರಿದು 5 ಫ್ರಾಂಕ್ ಮಾಡಿಸಿಕೊಂಡರೆ ಕೂತಲ್ಲೇ ಲಾಭ. 1874ರಲ್ಲಿ ಮಿತಿ ಹಾಕಿದರು, 1878ರಲ್ಲಿ ಟಂಕಿಸುವುದನ್ನೇ ನಿಲ್ಲಿಸಿದರು.

ಇಲ್ಲಿಂದ ಮುಂದಿನದು ನನಗೆ ಬಹಳ ಮುಖ್ಯವೆನಿಸುತ್ತದೆ. 1885ರಲ್ಲಿ ಅವರು ಒಪ್ಪಂದಕ್ಕೆ ಹೊಸ ಕಲಮು ಸೇರಿಸಿದರು: ಒಕ್ಕೂಟ ಮುರಿದರೆ ಪ್ರತಿ ದೇಶ ಹೊರಗಿರುವ ತನ್ನ 5 ಫ್ರಾಂಕ್‌ಗಳನ್ನು ಬಂಗಾರ ಕೊಟ್ಟು ವಾಪಸು ಪಡೆಯಬೇಕು. ಬೆಲ್ಜಿಯಂ ಸಿಟ್ಟಾಗಿ ಎದ್ದುಹೋಯಿತು, ಯಾಕೆಂದರೆ ಅದರ ನಾಣ್ಯಗಳು ರಾಶಿರಾಶಿಯಾಗಿ ಫ್ರಾನ್ಸಿನಲ್ಲಿದ್ದವು. ಅರ್ಧಕ್ಕೆ ರಾಜಿಯಾದ ಮೇಲೆ ಅದೇ ವರ್ಷ ಮರಳಿತು. ಮುಂದೆ 1890ರ ದಶಕದಲ್ಲಿ ನಾಣ್ಯದೊಳಗಿನ ಬೆಳ್ಳಿ ಮುಖಬೆಲೆಯ ಸುಮಾರು ಅರ್ಧಕ್ಕೆ ಇಳಿದಾಗ, ಬಿಟ್ಟುಹೋಗುವ ಖರ್ಚು ಇರುವ ಖರ್ಚಿಗಿಂತ ಹೆಚ್ಚಾಯಿತು. ಹಾಗೆ ಆ ಒಕ್ಕೂಟ 1927ರವರೆಗೆ ಎಳೆಯಿತು.

ಮುರಿಯುವುದು ಹೇಗಿರುತ್ತದೆ ಅನ್ನುವುದಕ್ಕೆ ಚೆಕೊಸ್ಲೊವಾಕಿಯಾ ನೋಡಬೇಕು. 1993ರ ಜನವರಿ 1ರಂದು ದೇಶ ಎರಡಾಯಿತು, ಹಣ ಮಾತ್ರ ಕನಿಷ್ಠ ಆರು ತಿಂಗಳು ಒಂದೇ ಇರಲಿ ಎಂದು ಒಪ್ಪಿಕೊಂಡರು. ಯಾವಾಗ ಬೇರೆಯಾಗಬಹುದು ಎಂಬುದನ್ನೂ ಬರೆದುಕೊಂಡಿದ್ದರು: ಯಾವುದೇ ಕಡೆಯ ಸರ್ಕಾರದ ಕೊರತೆ ಬಜೆಟ್ ಆದಾಯದ 10 ಶೇಕಡಾ ದಾಟಿದರೆ, ವಿದೇಶಿ ಹಣದ ಸಂಗ್ರಹ ಒಂದು ತಿಂಗಳ ಆಮದಿಗೂ ಸಾಲದಾದರೆ, ಬ್ಯಾಂಕ್ ಠೇವಣಿಯ 5 ಶೇಕಡಾಗಿಂತ ಹೆಚ್ಚು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿದರೆ. ಸ್ಲೊವಾಕಿಯಾದ ಹಣ ಅಪಮೌಲ್ಯವಾಗುತ್ತದೆ ಎಂದು ಎಲ್ಲರಿಗೂ ಅನಿಸಿತ್ತು. ಅನಿಸಿದ್ದೇ ಸಾಕಾಯಿತು, ಉಳಿತಾಯ ಪ್ರಾಗಿನ ಕಡೆ ಹೊರಟಿತು. ಫೆಬ್ರವರಿ 2ಕ್ಕೆ ಘೋಷಣೆ, 8ಕ್ಕೆ ಎರಡು ಹಣ. ಒಕ್ಕೂಟ ಬಾಳಿದ್ದು 38 ದಿನ.

ಕೆಲಸ ನಡೆದ ಬಗೆ ಸರಳ. 100, 500, 1,000 ಕೊರುನಾ ನೋಟುಗಳಿಗೆ ಅಂಟುಚೀಟಿ. ತಲೆಗೆ 4,000 ಕೊರುನಾವರೆಗೆ ನಗದು ಬದಲಾಯಿಸಿಕೊಳ್ಳಬಹುದು, ಮಿಕ್ಕದ್ದು ಖಾತೆಗೆ ಹಾಕಬೇಕು. ಸಣ್ಣ ನೋಟು, ನಾಣ್ಯಗಳು ಕೆಲವು ತಿಂಗಳು ಹಾಗೇ ಓಡಾಡಿದವು. ಅವಕ್ಕಾಗಿ ಗಡಿ ದಾಟುವಷ್ಟು ಲಾಭ ಯಾರಿಗೂ ಇರಲಿಲ್ಲ. ಜುಲೈನಲ್ಲಿ ಸ್ಲೊವಾಕಿಯಾದ ಕೊರುನಾ 10 ಶೇಕಡಾ ಅಪಮೌಲ್ಯವಾಯಿತು. ಜನರ ಅಂದಾಜು ತಪ್ಪಿರಲಿಲ್ಲ. ಗಮನಿಸಿ, ಒಕ್ಕೂಟವನ್ನು ಮುರಿದದ್ದು ಓಡಿಹೋದ ಠೇವಣಿ. ನೋಟಿಗೆ ಚೀಟಿ ಅಂಟಿಸಿದ್ದು ಅದಾದ ಮೇಲೆ.

ಇದೇ ಕಾರಣಕ್ಕೆ ಯೂರೋ ಕಟ್ಟಿದವರು ಠೇವಣಿ ಓಡುವ ದಾರಿಗೆ ಮಿತಿಯನ್ನೇ ಇಡಲಿಲ್ಲ. ನೋಟಿನಿಂದ ಶುರುಮಾಡೋಣ. 2002ರ ಮೊದಲ ಸರಣಿಯ ನೋಟಿನ ಸಂಖ್ಯೆಯ ಮುಂದೆ ಒಂದು ಅಕ್ಷರ ಇರುತ್ತಿತ್ತು: ಜರ್ಮನಿಗೆ ಎಕ್ಸ್, ಗ್ರೀಸಿಗೆ ವೈ, ಇಟಲಿಗೆ ಎಸ್. ಅದು ಮುದ್ರಿಸಲು ಹೇಳಿದ್ದು ಯಾವ ಕೇಂದ್ರ ಬ್ಯಾಂಕು ಎಂದು ತಿಳಿಸುತ್ತಿತ್ತೇ ಹೊರತು ತೀರಿಸುವ ಹೊಣೆ ಯಾರದೆಂದು ಅಲ್ಲ. ಚಲಾವಣೆಯ ನೋಟಿನ ಹೊಣೆಯಲ್ಲಿ 8 ಶೇಕಡಾ ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನದು, ಉಳಿದದ್ದು ಎಲ್ಲ ದೇಶಗಳ ಕೇಂದ್ರ ಬ್ಯಾಂಕುಗಳ ನಡುವೆ ಬಂಡವಾಳದ ಪಾಲಿನಂತೆ. 2013ರಿಂದ ಬಂದ ಹೊಸ ಸರಣಿಯಲ್ಲಿ ದೇಶದ ಅಕ್ಷರವೂ ಹೋಯಿತು, ಈಗ ಇರುವುದು ಮುದ್ರಣಾಲಯದ ಗುರುತು. ಚೀಟಿ ಅಂಟಿಸಿ ವಿಂಗಡಿಸಲು ‘ಗ್ರೀಸಿನ ನೋಟು’ ಎಂಬುದೇ ಇಲ್ಲ.

ಠೇವಣಿಯ ಲೆಕ್ಕ ಹೀಗೆ. ಅಥೆನ್ಸಿನ ಒಬ್ಬರು 10,000 ಯೂರೋವನ್ನು ಮ್ಯೂನಿಕ್ಕಿನ ಖಾತೆಗೆ ಕಳಿಸಿದರು ಅನ್ನಿ. ಅಥೆನ್ಸಿನ ಬ್ಯಾಂಕು ಗ್ರೀಸಿನ ಕೇಂದ್ರ ಬ್ಯಾಂಕಿನಲ್ಲಿ ಇಟ್ಟಿರುವ ಹಣದಲ್ಲಿ 10,000 ಖರ್ಚು. ಮ್ಯೂನಿಕ್ಕಿನ ಬ್ಯಾಂಕು ಜರ್ಮನಿಯ ಬುಂಡೆಸ್‌ಬ್ಯಾಂಕಿನಲ್ಲಿ ಇಟ್ಟಿರುವುದಕ್ಕೆ 10,000 ಜಮಾ. ನಡುವೆ ಗ್ರೀಸಿನ ಕೇಂದ್ರ ಬ್ಯಾಂಕು ಯುರೋಪಿಯನ್ ಸೆಂಟ್ರಲ್ ಬ್ಯಾಂಕಿಗೆ 10,000 ಬಾಕಿ, ಅಲ್ಲಿಂದ ಬುಂಡೆಸ್‌ಬ್ಯಾಂಕಿಗೆ 10,000 ಬರಬೇಕಾದದ್ದು. ಈ ಜಾಲದ ಹೆಸರು ಟಾರ್ಗೆಟ್. ಬಾಕಿಗೆ ಮೇಲ್ಮಿತಿಯಿಲ್ಲ, ತೀರಿಸಲು ಗಡುವಿಲ್ಲ. 2012ರ ಆಗಸ್ಟ್‌ನಲ್ಲಿ ಬುಂಡೆಸ್‌ಬ್ಯಾಂಕಿಗೆ ಹೀಗೆ ಬರಬೇಕಿದ್ದ ಮೊತ್ತ 75,100 ಕೋಟಿ ಯೂರೋ. ಜರ್ಮನಿಯಲ್ಲಿ ಇದು ಗುಟ್ಟಾಗಿ ಕೊಟ್ಟ ಸಾಲ ಎಂದು ದೊಡ್ಡ ಗದ್ದಲವಾಯಿತು. ಗದ್ದಲ ಮಾಡಿದವರ ಆತಂಕ ನನಗೆ ಅರ್ಥವಾಗುತ್ತದೆ, ಆದರೆ ಅವರು ಕೇಳಿದ ಮಿತಿ ಒಂದು ದಿನ ಇದ್ದಿದ್ದರೂ, ಆ ಮಿತಿ ಹತ್ತಿರ ಬಂದ ದಿನವೇ ಅಥೆನ್ಸಿನ ಬ್ಯಾಂಕುಗಳ ಮುಂದೆ ಸಾಲು ನಿಲ್ಲುತ್ತಿತ್ತು. ಚೆಕ್–ಸ್ಲೊವಾಕ್ ಒಪ್ಪಂದದ 5 ಶೇಕಡಾ ಮಾಡಿದ್ದು ಇದನ್ನೇ: ಎಲ್ಲಿಗೆ ಬಂದರೆ ಬಾಗಿಲು ಮುಚ್ಚುತ್ತದೆ ಎಂದು ಮೊದಲೇ ಹೇಳಿಬಿಟ್ಟರೆ ಜನ ಅದಕ್ಕೂ ಮುಂಚೆ ಹೊರಗೆ ಹೋಗುತ್ತಾರೆ.

ಹಾಗಾದರೆ ಎಲ್ಲ ಸರಿಯಿದೆಯೇ? ಇಲ್ಲ. 2013ರ ಮಾರ್ಚ್‌ನಲ್ಲಿ ಸೈಪ್ರಸ್‌ನ ಬ್ಯಾಂಕುಗಳು ಸುಮಾರು ಎರಡು ವಾರ ಮುಚ್ಚಿದ್ದವು. ಮೊದಲ ಯೋಜನೆಯಲ್ಲಿ 1 ಲಕ್ಷ ಯೂರೋ ಒಳಗಿನ, ವಿಮೆಯಿದ್ದ ಠೇವಣಿಗೂ 6.75 ಶೇಕಡಾ ಕತ್ತರಿ ಇತ್ತು. ಅಲ್ಲಿನ ಸಂಸತ್ತು ಅದನ್ನು ತಿರಸ್ಕರಿಸಿತು. ಕೊನೆಗೆ ದೊಡ್ಡ ಠೇವಣಿದಾರರು ನಷ್ಟ ಹೊತ್ತರು. ಬಾಗಿಲು ತೆರೆದಾಗ ದಿನಕ್ಕೆ 300 ಯೂರೋ ಮಾತ್ರ. 2015ರ ಜೂನ್ 28ರಂದು ಗ್ರೀಸಿನ ಬ್ಯಾಂಕುಗಳಿಗೆ ಕೊಡುತ್ತಿದ್ದ ತುರ್ತು ಸಾಲದ ಮಿತಿಯನ್ನು ಇನ್ನು ಏರಿಸುವುದಿಲ್ಲ ಎಂದು ಯುರೋಪಿಯನ್ ಸೆಂಟ್ರಲ್ ಬ್ಯಾಂಕು ತೀರ್ಮಾನಿಸಿತು. ಮಾರನೆಯ ದಿನದಿಂದ ಎಟಿಎಂನಲ್ಲಿ ದಿನಕ್ಕೆ 60 ಯೂರೋ. ಗ್ರೀಸಿನ ನಿರ್ಬಂಧಗಳು ಪೂರ್ತಿ ತೆರವಾಗಿದ್ದು 2019ರ ಸೆಪ್ಟೆಂಬರ್‌ನಲ್ಲಿ. ಟಾರ್ಗೆಟ್‌ಗೆ ಮಿತಿಯಿಲ್ಲ ನಿಜ, ಆದರೆ ಅದರೊಳಗೆ ಹಣ ಬಿಡುವ ನಲ್ಲಿಗೆ ಮಿತಿಯಿತ್ತು. ಕಳಿಸಲು ಬಾರದ, ತೆಗೆಯಲು ಬಾರದ ಯೂರೋ, ಪಕ್ಕದ ದೇಶದ ಯೂರೋಗೆ ಸಮವಲ್ಲ. ಆ ವಾರಗಳಲ್ಲಿ ಸೈಪ್ರಸ್‌ನ ನಿಕೋಸಿಯಾದಲ್ಲೂ ಅಥೆನ್ಸಿನಲ್ಲೂ ಜನ ಬಳಸಿದ್ದು ಹೆಸರಿಗೆ ಮಾತ್ರ ಒಂದೇ ಹಣ.

ಈ ಬಿರುಕಿಗೆ ಔಷಧಿ ಯುರೋಪಿಯನ್ ಕಮಿಷನ್ನಿನ ಕಡತದಲ್ಲೇ ಇದೆ. ಎಲ್ಲ ದೇಶಗಳ ಠೇವಣಿಗೂ ಒಂದೇ ವಿಮಾ ನಿಧಿ ಎಂಬ ಪ್ರಸ್ತಾವ 2015ರ ನವೆಂಬರ್‌ನಲ್ಲಿ ಬಂತು. ದೊಡ್ಡ ಬ್ಯಾಂಕುಗಳ ಮೇಲ್ವಿಚಾರಣೆ 2014ರ ನವೆಂಬರ್‌ನಿಂದಲೇ ಒಂದೇ ಕೈಗೆ ಬಂದಿತ್ತು, ಹಾಗಾಗಿ ಅದು ತೀರ ಸಹಜವಾದ ಮುಂದಿನ ಹೆಜ್ಜೆ. ಬೇರೆಯವರ ಕೆಟ್ಟ ಬ್ಯಾಂಕಿಗೆ ನಾವೇಕೆ ತುಂಬಬೇಕು ಎಂದು ಜರ್ಮನಿ ಮೊದಲಾದವರು ತಡೆದರು. ಈ ಆಕ್ಷೇಪಕ್ಕೆ ತೂಕವಿದೆ: ಇಟಲಿಯ ಬ್ಯಾಂಕುಗಳಲ್ಲಿ ಇಟಲಿ ಸರ್ಕಾರದ್ದೇ ಸಾಲಪತ್ರಗಳು ತುಂಬಿಕೊಂಡಿರುವವರೆಗೆ, ಬ್ಯಾಂಕಿಗೆ ವಿಮೆ ಕೊಟ್ಟರೆ ಸರ್ಕಾರಕ್ಕೂ ಕೊಟ್ಟಂತೆ. ಹಾಗಿದ್ದರೆ ಒಂದು ಬ್ಯಾಂಕು ತನ್ನ ಸರ್ಕಾರದ ಸಾಲಪತ್ರ ಎಷ್ಟು ಇಟ್ಟುಕೊಳ್ಳಬಹುದು ಎಂಬುದಕ್ಕೆ ಮಿತಿ ಹಾಕಿ, ಹತ್ತು ವರ್ಷದಲ್ಲಿ ಹಂತಹಂತವಾಗಿ ವಿಮೆ ಒಂದು ಮಾಡಿ. ಎರಡನ್ನೂ ಒಂದೇ ಕಾಗದದಲ್ಲಿ ಬರೆಯಬೇಕು, 1885ರಲ್ಲಿ ಬೆಲ್ಜಿಯಂ ಜೊತೆ ಕೂತು ಬರೆದ ಹಾಗೆ.

ಬಲ್ಗೇರಿಯಾದ ರಾಜಧಾನಿ ಸೋಫಿಯಾದಲ್ಲಿ ಈಗ ಒಬ್ಬರ ಕೈಯಲ್ಲಿರುವ 50 ಯೂರೋ ನೋಟಿನ ಹಿಂದೆ ಇಪ್ಪತ್ತೊಂದು ದೇಶಗಳ ಕೇಂದ್ರ ಬ್ಯಾಂಕುಗಳಿವೆ. ಅವರು ಅದನ್ನು ರಸ್ತೆಯಾಚೆಯ ಬ್ಯಾಂಕಿಗೆ ಕಟ್ಟಿದರೆ, ಆ ಖಾತೆಗೆ 1 ಲಕ್ಷ ಯೂರೋವರೆಗಿನ ವಿಮೆ ಬಲ್ಗೇರಿಯಾದ ನಿಧಿಯೊಂದರದ್ದೇ.